ನಾಲಿಗೆಯ ಪಥ್ಯ

ನನ್ನ ಅಮ್ಮ ದೇಯಿಯ ನಾಲಿಗೆ ಎಂಥದ್ದು ಎಂದು ಮೊದಲೇ ಹೇಳಿಬಿಡಬೇಕು. ಆಮೇಲೆ ಅದನ್ನು ಕಟ್ಟಿಹಾಕಿದ ಕತೆ ಹೇಳಿದರೆ ನಿಮಗೆ ಅರ್ಥವಾದೀತು. ಬೈಕಂಪಾಡಿಯ ಕಾರ್ಖಾನೆಗಳ ಹಿಂದಿನ ನಮ್ಮ ಓಣಿಗೆ ಮೀನು ತರುವ ಹೆಂಗಸರು ಅಮ್ಮನಿಗೆ ಹೆದರಿ, ಬುಟ್ಟಿ ಇಳಿಸುವ ಮೊದಲೇ ಸರಿಯಾದ ಕ್ರಯ ಹೇಳುತ್ತಿದ್ದರು. ಬೀಡಿ ಕಟ್ಟಲು ಕೂತಳೆಂದರೆ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಗಾದೆ, ಒಗಟು, ಪಾಡ್ದನ, ಸತ್ತವರ ಗುಣಗಾನ, ಬದುಕಿದವರ ದೋಷ, ಎಲ್ಲವೂ ತುಳುವಿನಲ್ಲಿ. ಕನ್ನಡ ಬರುತ್ತಿರಲಿಲ್ಲ ಎಂದಲ್ಲ. ಬಸ್ಸಿಗೆ, ಬ್ಯಾಂಕಿಗೆ ಸಾಕಾಗುವಷ್ಟು ಬರುತ್ತಿತ್ತು. ಆದರೆ ಕನ್ನಡ ಮಾತಾಡುವಾಗ ಅಮ್ಮ ಬಿಗಿಯಾದ ಚಪ್ಪಲಿ ಹಾಕಿಕೊಂಡವಳ ಹಾಗೆ ಕಾಣುತ್ತಿದ್ದಳು. ಯಾವಾಗ ಕಳಚಿ ಬಿಸಾಡುತ್ತೇನೋ ಎಂಬ ಮುಖ.

ನಮ್ಮದು ಒಂದೇ ಹಿತ್ತಲಿನಲ್ಲಿ ಎರಡು ಮನೆ, ನಡುವೆ ಒಂದು ಬಾವಿ. ಒಂದರಲ್ಲಿ ನಾನು. ನನ್ನ ಗಂಡ ಮಸ್ಕತ್ತಿನಲ್ಲಿದ್ದಾರೆ, ನಾನು ಬಲ್ಮಠದ ಒಂದು ಕಾಲೇಜಿನ ಆಫೀಸಿಗೆ ಹೋಗುತ್ತೇನೆ. ಇನ್ನೊಂದರಲ್ಲಿ ನನ್ನ ತಮ್ಮ ಮುಖೇಶ್, ಅವನ ಹೆಂಡತಿ ತೃಪ್ತಿ, ಅವರ ಮಗಳು ಅಕ್ಷಿತಾ, ಮತ್ತು ಅಮ್ಮ. ಮುಖೇಶ್ ಕಾರ್ಖಾನೆಯಲ್ಲಿ ಫಿಟ್ಟರ್, ಮೂರು ಪಾಳಿಯ ಕೆಲಸ. ಅಳಿಯಕಟ್ಟಿನ ನಮ್ಮ ಕಡೆ ತಾಯಿ ಮಗಳ ಮನೆಯಲ್ಲಿರುವುದೇ ಹೆಚ್ಚು ಸಹಜ. ನಾನು ಎಷ್ಟು ಸಲ ಕರೆದರೂ ಅಮ್ಮ ಬಾವಿ ದಾಟಿ ನನ್ನ ಮನೆಗೆ ಮಲಗಲು ಬರಲಿಲ್ಲ. ಮಗು ಇದ್ದದ್ದು ಆ ಕಡೆ ಅಲ್ಲವೇ.

ಆ ಮಗು ಹುಟ್ಟುವ ಮೊದಲೇ ನಮ್ಮೆಲ್ಲರನ್ನೂ ಅಳಿಸಿತ್ತು. ತೃಪ್ತಿಯದು ನೆಗೆಟಿವ್ ರಕ್ತ. ಅವಳ ಮೊದಲ ಬಸಿರು ತವರಿನಲ್ಲಿದ್ದಾಗ ಐದು ತಿಂಗಳಿಗೇ ಹೋಯಿತು. ಎಲ್ಲ ಮನೆಯಲ್ಲೇ ಮುಗಿದುಹೋಗಿತ್ತು, ಆಸ್ಪತ್ರೆಗೆ ಹೋದದ್ದು ವಾರ ಕಳೆದ ಮೇಲೆ. ನೆಗೆಟಿವ್ ರಕ್ತದವರಿಗೆ ಅಂಥ ಹೊತ್ತಿನಲ್ಲಿ ಕೂಡಲೇ ಕೊಡಬೇಕಾದ ಒಂದು ಇಂಜೆಕ್ಷನ್ ಉಂಟೆಂದು ಆಗ ಗೊತ್ತಾಯಿತು. ಗೊತ್ತಾಗಿ ಪ್ರಯೋಜನವಿರಲಿಲ್ಲ. ಎರಡನೆಯ ಸಲ ತೃಪ್ತಿಯ ರಕ್ತ ಹೊಟ್ಟೆಯೊಳಗಿನ ಮಗುವಿನ ರಕ್ತವನ್ನು ಶತ್ರುವೆಂದು ತಿಳಿದು ಒಡೆಯತೊಡಗಿತು. ಸ್ಕ್ಯಾನಿನಲ್ಲಿ ಮಗುವಿನ ಹೊಟ್ಟೆಯಲ್ಲಿ ನೀರು ತುಂಬಿದ್ದು ಕಂಡಿತು. ಫಳ್ನೀರಿನ ಆಸ್ಪತ್ರೆಯಲ್ಲಿ ಡಾಕ್ಟರು ತೃಪ್ತಿಯ ಹೊಟ್ಟೆಯ ಮೇಲಿಂದ ಉದ್ದದ ಸೂಜಿ ಇಳಿಸಿ, ಹೊಕ್ಕುಳಬಳ್ಳಿಯ ಒಳಗೇ ರಕ್ತ ಕೊಟ್ಟರು. ಯಾರೋ ಪುಣ್ಯಾತ್ಮರು ದಾನ ಮಾಡಿದ ರಕ್ತ. ಒಮ್ಮೆ ಕೊಟ್ಟದ್ದು ಸಾಲದೆ ಮತ್ತೆ ಕೊಟ್ಟರು, ಮತ್ತೂ ಒಮ್ಮೆ ಕೊಟ್ಟರು.

ಸೂಜಿ ಇಳಿಸುವಾಗ ಮಗು ಅಲುಗಾಡಬಾರದೆಂದು ಅದಕ್ಕೂ ಮದ್ದು ಕೊಡುತ್ತಿದ್ದರು. ಆ ಮದ್ದು ಇಳಿಯುವವರೆಗೆ ಹೊಟ್ಟೆಯಲ್ಲಿ ಒಂದು ಮಿಸುಕಾಟವೂ ಇಲ್ಲ. ತೃಪ್ತಿ ಆಸ್ಪತ್ರೆಯ ಮಂಚದಲ್ಲಿ ಗೋಡೆ ನೋಡುತ್ತ ಮಲಗಿರುತ್ತಿದ್ದಳು, ಅಳಲಿಕ್ಕೂ ಹೆದರಿ. ಮುಖೇಶ್ ಹೊರಗೆ ನಿಲ್ಲುತ್ತಿದ್ದ. ಅಮ್ಮ ಮಾತ್ರ ಸ್ಟೂಲು ಎಳೆದು ಕೂತು, ಸೊಸೆಯ ಹೊಟ್ಟೆಗೆ ಬಾಯಿ ತಾಗುವಷ್ಟು ಬಗ್ಗಿ, ತುಳುವಿನಲ್ಲಿ ಶುರುಮಾಡುತ್ತಿದ್ದಳು. "ಬಲ ಮಗಾ, ಬಲ." ಬಾ ಮಗು, ಬಾ. ಆಮೇಲೆ ಬೈಗುಳ. ನೀನು ಮುಖೇಶನ ಮಗುವೇ ಹೌದು, ಏಳಲಿಕ್ಕೆ ಅವನ ಹಾಗೆಯೇ ಉದಾಸೀನ, ಇಲ್ಲಿ ನಿನ್ನ ಅಮ್ಮ ಅರ್ಧ ಜೀವ ಆಗಿದ್ದಾಳೆ, ನಿನಗೆಂತ ನಿದ್ರೆ? ನರ್ಸುಗಳು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಕೊನೆಗೆ ಮಗು ಒದೆಯುತ್ತಿತ್ತು. ಮದ್ದು ಇಳಿದದ್ದಕ್ಕೆ ಒದೆಯಿತೋ ಬೈಗುಳಕ್ಕೆ ಒದೆಯಿತೋ ದೇವರಿಗೇ ಗೊತ್ತು. "ಅಕ್ಕ, ಅತ್ತೆ ಮಾತಾಡಿದ ಕೂಡ್ಲೇ ಒದ್ದಿತು" ಎಂದು ನನಗೆ ಹೇಳಿದ್ದು ತೃಪ್ತಿಯೇ. ಅದನ್ನು ನಾನು ಮರೆತಿಲ್ಲ.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು. ಹಳದಿ ಇಳಿಯಲಿಕ್ಕೆ ನೀಲಿ ದೀಪದ ಕೆಳಗೆ ಮಲಗಿಸಿದರು. ಕಡೆಗೆ ಮನೆಗೆ ಬಂದಾಗ ಅಕ್ಷಿತಾ ಎಂದು ಹೆಸರಿಟ್ಟರು, ಸವೆಯದವಳು ಎಂಬ ಅರ್ಥಕ್ಕೆ. ಮನೆಯಲ್ಲಿ ಅಚ್ಚು. ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಒಂದು ಮಾತು ಹೇಳಿದರು. "ಹೊಟ್ಟೆಯಲ್ಲೇ ರಕ್ತ ತೆಗೊಂಡ ಮಕ್ಕಳು ಹೆಚ್ಚಿನವರು ಎಲ್ಲರ ಹಾಗೆಯೇ ಬೆಳೀತಾರೆ. ಕೆಲವರಿಗೆ ನಡಿಗೆ, ಕಿವಿ, ಮಾತು, ಏನಾದ್ರೂ ತಡ ಆಗ್ಬಹುದು. ಶಾಲೆಗೆ ಹೋಗುವವರೆಗೆ ನೋಡ್ತಾ ಇರುವ." ನನ್ನ ತಮ್ಮನಿಗೂ ತೃಪ್ತಿಗೂ ಮೊದಲಿನ ಅರ್ಧ ಕೇಳಲಿಲ್ಲ. ಎರಡನೆಯ ಅರ್ಧವನ್ನು ಮನೆಗೆ ತಂದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು.

ನಡಿಗೆ ಸ್ವಲ್ಪ ತಡವಾಯಿತು, ಬಂತು. ಕಿವಿ ಚೆನ್ನಾಗಿತ್ತು. ಮಾತು ಬರಲಿಲ್ಲ. ಮೂರು ವರ್ಷವಾಗುವಾಗ ಅಚ್ಚುವಿನ ಬಾಯಲ್ಲಿ ಬೆರಳೆಣಿಕೆಯ ಶಬ್ದಗಳು. ಅದರಲ್ಲಿ ಅಜ್ಜಿ ಎಂಬುದು ಒಂದು. ಅಷ್ಟರಲ್ಲಿ ಕೊರೊನಾ ಬಂದು ಎಲ್ಲ ಬಾಗಿಲು ಮುಚ್ಚಿತು. ಮಾತು ಕಲಿಸುವ ತೆರಪಿಸ್ಟ್ ಫೋನಿನಲ್ಲೇ ನೋಡಿ, ಫೋನಿನಲ್ಲೇ ಹೇಳಿದರು. ಮಗುವಿನ ಜೊತೆ ತುಂಬ ಮಾತಾಡಿ, ಮೊದಲಿಗೆ ಒಂದು ಭಾಷೆ ಹಿಡಿದುಕೊಂಡು ಅಭ್ಯಾಸ ಮಾಡಿಸಿ ನೋಡುವ ಎಂದರು. ಅವರು ಹೇಳಿದ್ದು ಸೇರಿನಷ್ಟು, ನಮ್ಮವರು ಅಳೆದುಕೊಂಡದ್ದು ಮುಡಿಯಷ್ಟು. ಶಾಲೆಗೆ ಬೇಕಾಗುವುದು ಕನ್ನಡ, ಹಾಗಾಗಿ ಮನೆಯಲ್ಲಿ ಕನ್ನಡ ಮಾತ್ರ ಎಂದು ತೀರ್ಮಾನವಾಯಿತು. ತುಳುವಿನ ಮಾಮಿಯಾಗಿದ್ದ ನಾನು ಒಂದು ಬೆಳಿಗ್ಗೆ ಕನ್ನಡದ ಅತ್ತೆಯಾದೆ.

ಅಮ್ಮನಿಗೆ ಹೇಳುವ ಕೆಲಸ ಮುಖೇಶನ ಪಾಲಿಗೆ ಬಂತು. ನಾನು ಆಗ ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆ.

"ಅಮ್ಮಾ, ಸ್ವಲ್ಪ ದಿನ ಮಗುವಿನ ಹತ್ತಿರ ತುಳು ಬೇಡ. ಎರಡೆರಡು ಭಾಷೆ ಕೇಳಿದ್ರೆ ಅವಳಿಗೆ ಗೊಂದಲ ಆಗ್ತದೆ."

"ಮತ್ತೆ ನಾನು ಎಂತ ಮಾತಾಡುದು?"

"ಕನ್ನಡ."

ಅಮ್ಮ ಅವನ ಮುಖ ನೋಡಿದಳು. ಇವನಿಗೀಗ ಸರಿಯಾದ ಮಂಗಳಾರತಿ ಎಂದು ನಾನು ಕಾದೆ. ಆದರೆ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಪಥ್ಯ ಅಂತ ಹೇಳು. ಆಯ್ತು, ಮಾಡುವ" ಎಂದಳು.

ನಮ್ಮವರಿಗೆ ಪಥ್ಯವೆಂದರೆ ಏನೆಂದು ಗೊತ್ತಿದ್ದವರಿಗೇ ಈ ಮಾತಿನ ತೂಕ ಗೊತ್ತಾಗುವುದು. ಜಾಂಡೀಸಿಗೆ ಎಣ್ಣೆ ಬೇಡ ಎಂದು ವೈದ್ಯರು ಹೇಳಿದರೆ, ಪಕ್ಕದ ಮನೆಯ ಒಗ್ಗರಣೆಯ ಪರಿಮಳವೂ ಬೇಡವೆಂದು ಕಿಟಕಿ ಮುಚ್ಚುವವರು ನಾವು. ಇನ್ನೊಂದು ಕ್ರಮವೂ ಉಂಟು. ಪಥ್ಯ ಕೊಟ್ಟವರೇ ಅದನ್ನು ಬಿಡಿಸಬೇಕು. ರೋಗ ಗುಣವಾಯಿತು ಎಂದು ರೋಗಿಯೇ ತೀರ್ಮಾನ ಮಾಡಿ ಉಪ್ಪಿನಕಾಯಿ ಭರಣಿಗೆ ಕೈ ಹಾಕುವ ಹಾಗಿಲ್ಲ. ಅಮ್ಮ ಆ ದಿನವೇ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಹರಕೆಯನ್ನೂ ಹೇಳಿಕೊಂಡಳು, ಮಗುವಿನ ಮಾತು ನೆಟ್ಟಗಾಗಲಿ ಎಂದು.

ಅಂದಿನಿಂದ ಆ ಮನೆಯೊಳಗೆ ಅಮ್ಮನಿಗೆ ಉಳಿದದ್ದು ಬಾ, ಕೂತುಕೋ, ಊಟ ಮಾಡು, ಜಾಗ್ರತೆ, ಇಂಥ ಕೆಲವು ಶಬ್ದ. ಹೆಚ್ಚು ಮಾತಾಡಿದರೆ ನಡುವೆ ತುಳು ನುಸುಳುತ್ತದೆ ಎಂಬ ಹೆದರಿಕೆ. ಒಮ್ಮೆ ಅಚ್ಚು ಜಗಲಿಯಿಂದ ಬಿದ್ದಾಗ ಅಮ್ಮ ಓಡಿಹೋಗಿ ಎತ್ತಿ ಎದೆಗೆ ಒತ್ತಿಕೊಂಡಳು. ಬಾಯಿ ತೆರೆದದ್ದು ಕಂಡಿತು, ಮುಚ್ಚಿದ್ದೂ ಕಂಡಿತು. ಬಿದ್ದ ಮಗುವಿಗೆ ಒಂದು ಸಮಾಧಾನದ ಮಾತು ಹೇಳದೆ ಹಾಗೆಯೇ ಎತ್ತಿಕೊಂಡು ನಿಂತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಎಂದವನನ್ನು ಆ ಹೊತ್ತು ನಮ್ಮ ಅಂಗಳಕ್ಕೆ ಕರೆತರಬೇಕಿತ್ತು.

ಆಡದ ಮಾತೆಲ್ಲ ಎಲ್ಲಿ ಹೋಗಬೇಕು? ನನ್ನ ಮನೆಗೆ ಬರುತ್ತಿತ್ತು. ಹೊಗೆಸೊಪ್ಪಿನ ಹುಡಿ ಮಗುವಿಗೆ ಆಗುವುದಿಲ್ಲವೆಂದು ಅಮ್ಮ ಬೀಡಿಯ ಗೆರಸೆಯನ್ನು ಮೊದಲೇ ನನ್ನ ಜಗಲಿಗೆ ತಂದಿದ್ದಳು. ಸಂಜೆ ನಾನು ಬಲ್ಮಠದಿಂದ ಬಸ್ಸಿಳಿದು ಬರುವಾಗ ಕಾಯುತ್ತ ಕೂತಿರುತ್ತಿದ್ದಳು. ನಾನು ಚಹಾಕ್ಕೆ ನೀರಿಡುವ ಮೊದಲೇ ಶುರು. ಕತೆ ಹೇಳುವಳು, ಕೂಗಿ ನಗುವಳು, ಪಾಡ್ದನ ಹಾಡುವಳು. ಕೆಲವು ಕತೆ ಮುಗಿಸಿ, "ಇದು ಅಚ್ಚುವಿಗೆ. ನೀನು ಸುಮ್ಮನೆ ಕೇಳಿಟ್ಟುಕೊ, ನಾನು ಮರೆತ್ರೆ ನೆನಪು ಮಾಡು" ಎನ್ನುವಳು. ನಮ್ಮ ನಡುವೆ ಆ ಮಾತುಕತೆ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೆ. ಬಾವಿಯ ಆಚೆ ಅಚ್ಚು ಮೆಟ್ಟಿಲಲ್ಲಿ ಕೂತು ಈ ಕಡೆ ನೋಡುತ್ತಿದ್ದಳು. ಅವಳು ಎದ್ದು ಬರಹೊರಟರೆ ತೃಪ್ತಿ ಒಳಗಿನಿಂದ ಕರೆಯುತ್ತಿದ್ದಳು, ಹೋಮ್‌ವರ್ಕ್ ಉಂಟು ಎಂದು.

ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಒಂದು ದಿನ ಅಮ್ಮನಿಗೇ ಹೇಳಿದೆ. "ಕದ್ದು ಎರಡು ಮಾತಾಡಮ್ಮ. ಯಾರು ಕೇಳ್ತಾರೆ?"

"ಪಥ್ಯ ಕದ್ದು ಮುರಿದ್ರೆ ಮದ್ದು ತಾಗುದಿಲ್ಲ. ಮಗುವಿಗೆ ಏನಾದ್ರೂ ಆದ್ರೆ ನಿನ್ನ ನಾಲಿಗೆಗೆ ಬರೆ ಹಾಕ್ತೇನೆ" ಎಂದಳು, ದಾರ ಸುತ್ತುತ್ತ.

ತೃಪ್ತಿಯ ಹತ್ತಿರವೂ ಬಾವಿಕಟ್ಟೆಯಲ್ಲಿ ಜಗಳಕ್ಕೆ ನಿಂತೆ. ಈ ಊರಿನ ಮಕ್ಕಳು ಮನೆಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ, ಇಗರ್ಜಿಯ ಹತ್ತಿರ ಕೊಂಕಣಿ, ಶಾಲೆಯಲ್ಲಿ ಕನ್ನಡ ಕೇಳಿ ದೊಡ್ಡವರಾಗುವುದಿಲ್ಲವೇ, ಯಾರ ತಲೆ ಕೆಟ್ಟಿದೆ ಎಂದು ಕೇಳಿದೆ. ಅವಳು ಕೊಡಪಾನ ಕೆಳಗಿಟ್ಟು ಮೆಲ್ಲಗೆ ಹೇಳಿದಳು.

"ಆ ಮಕ್ಕಳು ಇವಳ ಹಾಗೆ ಹುಟ್ಟಿದವರಲ್ಲ ಅಕ್ಕ. ಮೊದಲಿನ ಸಲ ಒಂದು ಇಂಜೆಕ್ಷನ್ ತಪ್ಪಿದ್ದಕ್ಕೆ ಇಷ್ಟೆಲ್ಲ ಆಯ್ತು. ಇನ್ನು ನನ್ನ ಕೈಯಿಂದ ಒಂದೂ ತಪ್ಪಬಾರ್ದು. ನಾಳೆ ಅವಳಿಗೆ ಮಾತೇ ಬಾರದಿದ್ರೆ ನೀವು ಬಂದು ಉತ್ತರ ಕೊಡ್ತೀರಾ?"

ಅವಳ ಹೊಟ್ಟೆಯ ಮೇಲೆ ಇಳಿದ ಸೂಜಿ ನನ್ನ ಮೇಲೆ ಇಳಿದದ್ದಲ್ಲ. ಸುಮ್ಮನೆ ಬಂದೆ.

ಮತ್ತೆ ಒಂದೂವರೆ ವರ್ಷದಲ್ಲಿ ಅಚ್ಚುವಿಗೆ ಮಾತು ಬಂತು. ನಿಧಾನದ ಮಾತು, ಒಂದೊಂದು ಶಬ್ದವನ್ನು ನೋಡಿ ಇಡುವ ಹಾಗೆ. ಅಮ್ಮ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಒಪ್ಪಿಸಿ ಬಂದಳು. ನನ್ನ ಲೆಕ್ಕದಲ್ಲಿ ಪಥ್ಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮದ್ದು ಹಿಡಿಯಿತು ಎಂದು ಎಲ್ಲರಿಗೂ ನಂಬಿಕೆ ಬಂದಿತ್ತು, ಹಿಡಿದ ಮದ್ದನ್ನು ನಿಲ್ಲಿಸಲು ಯಾರಿಗೂ ಧೈರ್ಯವಿಲ್ಲ. ಏಳು ವರ್ಷಕ್ಕೆ ಆಸ್ಪತ್ರೆಯಲ್ಲಿ ದೊಡ್ಡದೊಂದು ಪರೀಕ್ಷೆ ಉಂಟು, ಅದು ಆಗಲಿ ಎಂದ ಮುಖೇಶ್. ಬಿಡಿಸುವವರು ಬಿಡಿಸಲಿಲ್ಲ, ಅಮ್ಮ ಬಿಡಲಿಲ್ಲ. ಹೀಗೆಯೇ ಅಚ್ಚು ಎರಡನೇ ಕ್ಲಾಸಿಗೆ ಬಂದಳು.

ಪರೀಕ್ಷೆಯ ದಿನ ಮುಖೇಶನಿಗೆ ಹಗಲು ಪಾಳಿ. ತೃಪ್ತಿ ನನ್ನನ್ನು ಕರೆದಳು. "ಒಬ್ಬಳೇ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ ಅಕ್ಕ." ನಾವು ಮೂವರೂ ಬಸ್ಸಿನಲ್ಲಿ ಫಳ್ನೀರಿಗೆ ಹೋದೆವು. ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರ್ ನುಸೈಬಾ, ತಲೆಗೆ ಬೂದು ಬಣ್ಣದ ಸ್ಕಾರ್ಫ್ ಹಾಕಿಕೊಂಡ ಸಣ್ಣ ಹೆಂಗಸು, ನಮ್ಮಿಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಮಗುವಿಗೆ ಹೇಳಿಕೊಡಬಾರದು, ಸನ್ನೆ ಮಾಡಬಾರದು ಎಂದರು.

ಅಚ್ಚು ಚಿತ್ರ ನೋಡಿ ಹೆಸರು ಹೇಳಿದಳು, ಬಣ್ಣದ ತುಂಡುಗಳನ್ನು ಜೋಡಿಸಿದಳು, ಒಂಟಿ ಕಾಲಿನಲ್ಲಿ ನಿಂತಳು. ಮಣಿ ಪೋಣಿಸುವಾಗ ಎಡಗೈ ಸ್ವಲ್ಪ ತಡವರಿಸಿತು. ತೃಪ್ತಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಉಗುರು ನಾಟುವಷ್ಟು. ಎಲ್ಲ ಮುಗಿದ ಮೇಲೆ ಡಾಕ್ಟರು ಮಗುವಿನ ಮಾತು ಕೇಳಲೆಂದು ಸುಮ್ಮನೆ ಹರಟೆಗೆ ಇಳಿದರು.

"ಮನೆಯಲ್ಲಿ ಯಾರೆಲ್ಲ ಇದ್ದಾರೆ?"

"ಅಪ್ಪ. ಅಮ್ಮ. ನಾನು." ಅಚ್ಚು ಸ್ವಲ್ಪ ತಡೆದು, "ಅಜ್ಜಿ" ಎಂದಳು.

"ಅಜ್ಜಿ ಕತೆ ಹೇಳ್ತಾರಾ?"

"ಇಲ್ಲ. ಅಜ್ಜಿಗೆ ನಾನಂದ್ರೆ ಆಗುದಿಲ್ಲ."

"ಹಾಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅಜ್ಜಿ ಅತ್ತೆಯ ಮನೆಯಲ್ಲಿ ತುಂಬ ಮಾತಾಡ್ತಾರೆ. ನಗ್ತಾರೆ. ಹಾಡ್ತಾರೆ. ನನ್ನ ಹತ್ತಿರ ಬಂದ್ರೆ ಬಾಯಿ ಮುಚ್ಚುದು." ಅವಳು ಮಣಿಗಳನ್ನು ಬಟ್ಟಲಿಗೆ ಹಾಕತೊಡಗಿದಳು. "ನಾನು ಸಣ್ಣದಿರುವಾಗ ಎಂತದೋ ತಪ್ಪು ಮಾಡಿದ್ದೇನೆ. ಎಂತ ಅಂತ ನನಗೆ ನೆನಪಿಲ್ಲ."

ತೃಪ್ತಿ ನನ್ನ ಕೈ ಬಿಟ್ಟಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ನಾಲ್ಕು ವರ್ಷ ಆ ಮಗು ಮೆಟ್ಟಿಲಲ್ಲಿ ಕೂತು ನಮ್ಮ ನಗುವನ್ನು ಕೇಳಿಸಿಕೊಂಡದ್ದು ಹೀಗೋ.

ಡಾಕ್ಟರು ಅಚ್ಚುವನ್ನು ಹೊರಗೆ ನರ್ಸಿನ ಹತ್ತಿರ ಕಳಿಸಿ, ನಮ್ಮಿಂದ ಎಲ್ಲ ಕೇಳಿ ತಿಳಿದುಕೊಂಡರು. ಬೈಯಲಿಲ್ಲ. ಮಗುವಿನ ಬುದ್ಧಿಗೆ, ಕಿವಿಗೆ ಏನೂ ತೊಂದರೆಯಿಲ್ಲ, ಎಡಗೈಗೆ ಸ್ವಲ್ಪ ವ್ಯಾಯಾಮ ಬೇಕು ಎಂದರು.

"ಮಾತು ತಡ ಆದದ್ದು ಹುಟ್ಟುವ ಮೊದಲಿನ ಕಷ್ಟದಿಂದಲೋ, ಅವಳ ಗುಣವೇ ಹಾಗೋ, ಅದನ್ನು ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ತುಳುವಿನಿಂದ ಅಂತೂ ಅಲ್ಲ. ನಮ್ಮ ಮನೆಯಲ್ಲೂ ಬ್ಯಾರಿ, ಕನ್ನಡ, ಇಂಗ್ಲಿಷ್ ಎಲ್ಲ ಉಂಟು. ಅಜ್ಜಿ ಮಾತಾಡ್ಲಿ. ಇವತ್ತಿನಿಂದಲೇ ಮಾತಾಡ್ಲಿ."

ಬಸ್ಸಿನಲ್ಲಿ ನಾನು ಅಚ್ಚುವನ್ನು ಹತ್ತಿರ ಕೂರಿಸಿಕೊಂಡು, ಅಜ್ಜಿಗೆ ನಿನ್ನ ಮೇಲೆ ಕೋಪ ಇಲ್ಲ, ನೀನು ಹೊಟ್ಟೆಯೊಳಗೆ ಇದ್ದಾಗಲೇ ನಿನ್ನ ಹತ್ತಿರ ಮಾತಾಡಿದ್ದು ಅಜ್ಜಿ ಎಂದು ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಯೋಚಿಸಿದಳು.

"ಮತ್ತೆ ಹುಟ್ಟಿದ ಮೇಲೆ ಯಾಕೆ ನಿಲ್ಲಿಸಿದ್ದು?"

ಕಂಡಕ್ಟರ್ ಆಗಲೇ ಬಂದು ಟಿಕೆಟ್ ಕೇಳಿದ್ದು ಒಳ್ಳೆಯದಾಯಿತು.

ಮನೆಗೆ ಬರುವಾಗ ಅಮ್ಮ ಬಾವಿಯ ಹತ್ತಿರದ ಕಲ್ಲಿನಲ್ಲಿ ಬಂಗುಡೆ ಸ್ವಚ್ಛ ಮಾಡುತ್ತಿದ್ದಳು. ತೃಪ್ತಿ ಚಪ್ಪಲಿ ಕಳಚದೆ ನೇರ ಹೋಗಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅಚ್ಚುವಿನ ಎದುರಿಗೇ ತುಳುವಿನಲ್ಲಿ ಹೇಳಿದಳು. "ಮಾಮಿ, ಪಥ್ಯ ಮುಗಿಯಿತು. ಡಾಕ್ಟರು ಬಿಡಿಸಿದ್ರು. ನೀವು ಮಾತಾಡಿ. ಎಷ್ಟು ಬೇಕಾದ್ರೂ ಮಾತಾಡಿ." ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟಳು.

ಅಮ್ಮ ಕತ್ತಿ ಕೆಳಗಿಟ್ಟಳು. ಕೈಯನ್ನು ಎರಡೆರಡು ಸಲ ತೊಳೆದಳು, ಸೋಪು ಹಾಕಿ ತೊಳೆದಳು, ಮೂಸಿ ನೋಡಿಕೊಂಡಳು. ಮದುವೆ ಮನೆಗೆ ಹೊರಟವಳ ಹಾಗೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಲ್ಲಿ ಕೂತು, "ಬಲ ಮಗಾ, ಬಲ" ಎಂದಳು. ಅಚ್ಚು ಬಂದು ಪಕ್ಕದಲ್ಲಿ ಕೂತಳು. ಅಮ್ಮ ಅವಳ ಗಲ್ಲ ಹಿಡಿದು ಶುರುಮಾಡಿದಳು. ನೀನು ಹೊಟ್ಟೆಯಲ್ಲಿದ್ದಾಗ ನಾನು ಎಷ್ಟು ಬೈದಿದ್ದೇನೆ ಗೊತ್ತುಂಟಾ, ನೀನು ಒದ್ದದ್ದು ನನ್ನ ಮೂಗಿಗೇ ತಾಗಿದ ಹಾಗಾಯಿತು, ನೀನು ಮಾತಾಡಿದ ದಿನ ನಾನು ನಿನ್ನ ಅತ್ತೆಯ ಮನೆಗೆ ಹೋಗಿ ಹೇಗೆ ಕುಣಿದೆ, ನಿನಗೆ ಹೇಳಬೇಕೆಂದು ಕತೆಗಳನ್ನು ಹೇಗೆ ಕಟ್ಟಿಟ್ಟಿದ್ದೇನೆ. ತುಳು ಕಟ್ಟೆಯೊಡೆದು ಹರಿಯಿತು. ಹಳೆಯ ತುಳು, ನಮ್ಮ ಅಜ್ಜಿಯ ಕಾಲದ ಶಬ್ದಗಳು, ನನಗೇ ಕೆಲವು ತಿಳಿಯದಂಥವು. ನಾನೂ ತೃಪ್ತಿಯೂ ಬಾವಿಯ ಹತ್ತಿರ ನಿಂತು ನೋಡುತ್ತಿದ್ದೆವು.

ಅಚ್ಚು ನಗುಮುಖ ಮಾಡಿಕೊಂಡು ಕೇಳಿದಳು, ಮನೆಗೆ ಬಂದ ನೆಂಟರ ಮಾತನ್ನು ಮರ್ಯಾದೆಗೆ ಕೇಳುವ ಹಾಗೆ. ಅಲ್ಲೊಂದು ಇಲ್ಲೊಂದು ಶಬ್ದ ಅವಳಿಗೆ ತಿಳಿದಿರಬೇಕು. ಆಮೇಲೆ ಆ ನಗುವೂ ದಣಿಯಿತು. ಅವಳು ತಿರುಗಿ ತೃಪ್ತಿಯನ್ನು ನೋಡಿದಳು.

"ಅಮ್ಮಾ, ಅಜ್ಜಿ ಎಂತ ಹೇಳುದು?"

ಅಮ್ಮ ಅಲ್ಲಿಗೇ ನಿಲ್ಲಿಸಿದಳು. ಮಗುವಿನ ಗಲ್ಲದಿಂದ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ಏನಿಲ್ಲ. ಊಟ ಮಾಡು" ಎಂದಳು, ಕನ್ನಡದಲ್ಲಿ.

ತೃಪ್ತಿ ಬಿಟ್ಟುಕೊಡಲಿಲ್ಲ, ಅದನ್ನು ಹೇಳಲೇಬೇಕು. ದಿನವೂ ಸಂಜೆ ಇಬ್ಬರ ನಡುವೆ ಕೂತಳು. ಅಮ್ಮ ಕತೆಯ ಒಂದು ತುಂಡು ತುಳುವಿನಲ್ಲಿ ಹೇಳಿ ನಿಲ್ಲಿಸುವಳು, ತೃಪ್ತಿ ಅದನ್ನು ಕನ್ನಡಕ್ಕೆ ತರುವಳು, ಅಷ್ಟರಲ್ಲಿ ಅಮ್ಮನಿಗೆ ಮುಂದಿನದು ಮರೆತುಹೋಗುವುದು. ನಗುವ ಜಾಗದಲ್ಲಿ ಅಮ್ಮ ಒಬ್ಬಳೇ ನಗುವಳು. ಅಚ್ಚು ತಡವಾಗಿ, ತಾಯಿಯ ಮುಖ ನೋಡಿ ನಗುವಳು. ಕೆಲವೇ ದಿನದಲ್ಲಿ ಅಮ್ಮ ಮತ್ತೆ ನನ್ನ ಜಗಲಿಗೆ ಬಂದಳು.

"ಅವಳು ನನಗೆ ಹೆದರ್ತಾಳೆ ಪಾಪ. ತಿಳಿಯದಿದ್ರೂ ಕೂತು ತಲೆ ಅಲ್ಲಾಡಿಸ್ತಾಳೆ. ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ" ಎಂದಳು.

"ನಿಧಾನಕ್ಕೆ ಬರ್ತದಮ್ಮ. ಮಕ್ಕಳು ಬೇಗ ಕಲೀತಾರೆ."

"ಕಲೀತಾಳೆ. ಕಲಿಯದೆ ಎಂತ." ಅಮ್ಮ ಗೆರಸೆಯನ್ನು ತೊಡೆಗೆ ಎಳೆದುಕೊಂಡಳು. ಆದರೆ ಆ ದಿನ ಎಲೆ ಕತ್ತರಿಸುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ನನ್ನ ಹತ್ತಿರವೂ ಮಾತು ಕಮ್ಮಿಯಾಗಿತ್ತು.

ಕಲಿಯಲಿಕ್ಕೆ ದಿನ ಸಿಗಲಿಲ್ಲ. ಮಳೆ ಸುರಿಯುವ ಆಟಿ ತಿಂಗಳ ಒಂದು ಮಧ್ಯಾಹ್ನ ಅಮ್ಮ ಎದೆ ಉರಿ ಎಂದು ಮಲಗಿದಳು. ಆಟೋ ಬರುವಷ್ಟರಲ್ಲಿ ಹೋಗಿದ್ದಳು. ನಾನು ಬಲ್ಮಠದಲ್ಲಿದ್ದೆ. ಅಚ್ಚು ಶಾಲೆಯಲ್ಲಿದ್ದಳು. ಬಂದ ಮೇಲೆ ಅವಳು ಅಳಲಿಲ್ಲ. ಅಜ್ಜಿಯ ಮುಚ್ಚಿದ ಬಾಯಿಯನ್ನು ತುಂಬ ಹೊತ್ತು ನೋಡಿದಳು. ಅವಳು ಏನು ಯೋಚಿಸುತ್ತಿದ್ದಳೆಂದು ನನಗೆ ಗೊತ್ತಿತ್ತು, ಅದಕ್ಕೇ ಅವಳನ್ನು ಎತ್ತಿಕೊಂಡು ಹಿಂದಿನ ಬಾಗಿಲಿಗೆ ಹೋದೆ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ನಮ್ಮಲ್ಲಿ ಸತ್ತವರನ್ನು ಒಳಗೆ ಕರೆಯುವ ಒಂದು ಕ್ರಮ ಉಂಟು. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿಡುತ್ತಾರೆ. ಹೊತ್ತು ಮುಳುಗುವಾಗ ಮನೆಯವರು ದೀಪ ಹಿಡಿದು ಅಂಗಳದ ತುದಿಗೆ ಹೋಗಿ, ತಾವು ದಿನವೂ ಕರೆಯುತ್ತಿದ್ದ ಹೆಸರಿನಿಂದಲೇ ಅವರನ್ನು ಕರೆಯುತ್ತಾರೆ. ಉಲಾಯಿ ಬಲೆ. ಒಳಗೆ ಬನ್ನಿ. ಆಮೇಲೆ ಎಲ್ಲರೂ ಮನೆಗೆ ಬಂದು, ಆ ಕೋಣೆಯ ಬಾಗಿಲು ಹಾಕಿ, ಸದ್ದು ಮಾಡದೆ ಹೊರಗೆ ಕೂರಬೇಕು. ಸತ್ತವರು ಬಂದು ಉಣ್ಣುವಷ್ಟು ಹೊತ್ತು.

ಅಮ್ಮನಿಗೆ ಬಂಗುಡೆ ಪುಳಿಮುಂಚಿ, ಕೋರಿ ರೊಟ್ಟಿ, ವೀಳ್ಯ ಎಲ್ಲ ಬಡಿಸಿದೆವು. ಮಳೆ ಬಿಟ್ಟು ಅಂಗಳ ಕೆಸರಾಗಿತ್ತು. ಮುಖೇಶ್ ದೀಪ ಹಿಡಿದ. ಅವನು ಕರೆದ, "ಅಮ್ಮಾ, ಉಲಾಯಿ ಬಲೆ." ನಾನು ಕರೆದೆ. ತೃಪ್ತಿ, "ಮಾಮಿ, ಉಲಾಯಿ ಬಲೆ" ಎಂದಳು. ಮತ್ತೆ ಮೊಮ್ಮಗಳ ಸರದಿ. ನೆಂಟರೆಲ್ಲ ಅವಳ ಕಡೆ ನೋಡಿದರು. ಅಚ್ಚು ಬಾಯಿ ತೆರೆಯಲಿಲ್ಲ. ತಾಯಿಯ ಸೆರಗು ಎಳೆದು ಕೇಳಿದಳು.

"ಅಮ್ಮಾ, ನಾನು ಕರೆದ್ರೆ ಬರ್ತಾರಾ? ಅಜ್ಜಿಗೆ ನನ್ನ ಭಾಷೆ ಬರುದಿಲ್ಲ ಅಲ್ವಾ."

ತೃಪ್ತಿ ಆ ಕೆಸರಿನಲ್ಲೇ ಮಂಡಿಯೂರಿ, ಬಾಯಿಯನ್ನು ಮಗಳ ಕಿವಿಗೆ ತಾಗಿಸಿ, ಆ ಎರಡು ಶಬ್ದಗಳನ್ನು ಮೆಲ್ಲಗೆ ಹೇಳಿಕೊಟ್ಟಳು. ತಾನು ಹೆತ್ತ ಮಗುವಿಗೆ ಮಾತು ಬಂದ ಮೇಲೆ ಅವಳು ಹೇಳಿಕೊಟ್ಟ ಮೊದಲ ತುಳು ಅದು. ಅಚ್ಚು ಎರಡು ಸಲ ಬಾಯೊಳಗೇ ಹೇಳಿ ನೋಡಿಕೊಂಡಳು. ಆಮೇಲೆ ಕತ್ತಲಾಗುತ್ತಿದ್ದ ಓಣಿಯ ಕಡೆ ತಿರುಗಿ ಕರೆದಳು.

"ಅಜ್ಜೀ. ಉಲಾಯಿ ಬಲೆ."

ನಾವು ಒಳಗೆ ಬಂದೆವು. ಕೋಣೆಯ ಬಾಗಿಲು ಹಾಕಿ ಚಾವಡಿಯಲ್ಲಿ ಕೂತೆವು. ಎಲ್ಲರೂ ತಲೆ ತಗ್ಗಿಸಿಕೊಂಡಿದ್ದರು. ಅಚ್ಚು ಮಾತ್ರ ಎದ್ದು, ಮುಚ್ಚಿದ ಬಾಗಿಲಿನ ಹತ್ತಿರ ಹೋಗಿ ಅದಕ್ಕೆ ಕಿವಿ ಒತ್ತಿ ಕೂತಳು. ಕರೆದುಕೊಂಡು ಬರೋಣವೆಂದು ನಾನು ಹಿಂದೆ ಹೋದೆ. ಅವಳು ತುಟಿಗೆ ಬೆರಳಿಟ್ಟು ನನ್ನನ್ನು ಪಕ್ಕಕ್ಕೆ ಕೂರಿಸಿದಳು.

"ಈಗ ನಾನು ತುಳುವಿನಲ್ಲಿ ಕರೆದೆ ಅಲ್ವಾ ಅತ್ತೆ" ಎಂದು ಪಿಸುಗುಟ್ಟಿದಳು. "ಇನ್ನು ನನ್ನ ಹತ್ತಿರ ಮಾತಾಡ್ತಾರೆ."

ನಾನೂ ಬಾಗಿಲಿಗೆ ಕಿವಿಯಿಟ್ಟು ಕೂತೆ.